ಈ ವಾರದ ಸಮಸ್ಯೆ: ಬೊಮ್ಮ ಮಾಡದ ಜಗ

ಮುಳಬಾಗಿಲು ಮೇಷ್ಟ್ರು: ಎಲ್ಲರಿಗೂ ನಮಸ್ಕಾರ. ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆ ಸಾಲು ಇದು. ಮೇಲಿನ ಐದು ಸಾಲು ನೀವು ಕಟ್ಟಿ, ಸೃಷ್ಟಿಕರ್ತ ಬೊಮ್ಮನೇ (ಬ್ರಹ್ಮನೇ) ಹೀಗಂದದ್ದು ಹೇಗೆ ಅನ್ನುವ ಗಂಟು ಬಿಚ್ಚಬೇಕು:

ಬೊಮ್ಮನೆಂದನು ನಾನು ಮಾಡಿದುದಿಲ್ಲ ಜಗವೆಂದು

ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ, 'ಮ್ಮ' ತಪ್ಪಬಾರದು. ತ್ರಿಮೂರ್ತಿಗಳೇ ಪ್ರತಿಷ್ಠೆ ಮಾಡಿದರೆನ್ನುವ ಕುರುಡುಮಲೆ ಗಣಪನ ಪಕ್ಕದಲ್ಲಿದ್ದುಕೊಂಡು ಇಂಥ ಸಾಲು ಕೊಟ್ಟಿದ್ದೇನೆ. ಅವನೇ ಕಾಪಾಡಲಿ.

ಬಂಗಾರಪೇಟೆ ಹುಡುಗ:

ಒಮ್ಮೆ ಕೋಲಾರಕ್ಕೆ ಬಂದವ
ಚಿಮ್ಮುವಂತರಗಂಗೆ ಸವಿದನು
ಕಮ್ಮಿ ನೀರಿನ ಕೆರೆಯ ಸಾಲನು ಕಂಡು ಬೆರಗಾಗಿ
ನಮ್ಮ ಕಡೆಯವರಿತ್ತ ದೂರಿಗೆ
ಕೆಮ್ಮಿ ಗಡ್ಡವ ಸವರಿ ಮೆಲ್ಲಗೆ
ಬೊಮ್ಮನೆಂದನು ನಾನು ಮಾಡಿದುದಿಲ್ಲ ಜಗವೆಂದು

ಮೇಷ್ಟ್ರು: ಭೇಷ್! ಮಾತ್ರೆ ಎಲ್ಲೂ ಎಡವಿಲ್ಲ. ಆದರೆ ಗಂಟು ಬಿಚ್ಚಲಿಲ್ಲಪ್ಪ, ಬ್ರಹ್ಮ ಸುಮ್ನೆ ಜಾರಿಕೊಂಡ.

ಮಾಲೂರು ಅಕ್ಕ: ನಾನು ಪಾಲಿ ಭಾಷೆಯ ಬೌದ್ಧ ಗ್ರಂಥಗಳ ಕಡೆ ಹೋದೆ ಮೇಷ್ಟ್ರೇ.

ಹಮ್ಮಿನಲಿ ತಾ ಕರ್ತೃವೆಂದವ
ಸುಮ್ಮನಾದನು ಭಿಕ್ಷು ಕೇಳಲು
ಹೊಮ್ಮಿ ನಾಲ್ಕೂ ಭೂತವಡಗುವ ತಾಣವೆಲ್ಲೆನುತ
ಗುಮ್ಮನಂತೆಳೆದೊಯ್ದು ಮೂಲೆಗೆ
ಹೆಮ್ಮೆ ಬಿಟ್ಟವನಾಗಿ ಕಿವಿಯಲಿ
ಬೊಮ್ಮನೆಂದನು ನಾನು ಮಾಡಿದುದಿಲ್ಲ ಜಗವೆಂದು

ಬುದ್ಧನ ಉಪದೇಶಗಳ ಸಂಗ್ರಹವಾದ ದೀಘನಿಕಾಯದ ಕೇವಟ್ಟ ಸುತ್ತದ (ಸುತ್ತ ಅಂದರೆ ಉಪದೇಶ) ಕತೆ. ಮಣ್ಣು, ನೀರು, ಬೆಂಕಿ, ಗಾಳಿ ಎಲ್ಲಿ ಪೂರ್ತಿ ಅಡಗುತ್ತವೆ ಅಂತ ಭಿಕ್ಷುವಿನ ಪ್ರಶ್ನೆ. 'ನಾನು ಮಹಾಬ್ರಹ್ಮ, ಕರ್ತ, ಒಡೆಯ' ಅಂತಲೇ ಬ್ರಹ್ಮನ ಉತ್ತರ. ಮೂರನೇ ಸಲ ಕೇಳಿದಾಗ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ಯುತ್ತಾನೆ. ನನಗೆ ಎಲ್ಲ ಗೊತ್ತು ಅಂತ ಈ ದೇವತೆಗಳು ನಂಬಿದ್ದಾರೆ, ಅವರೆದುರು ಹೇಳಲಿಲ್ಲ, ನನಗೂ ಗೊತ್ತಿಲ್ಲ, ಬುದ್ಧನನ್ನೇ ಕೇಳು ಅನ್ನುತ್ತಾನೆ.

ಬಂಗಾರಪೇಟೆ ಹುಡುಗ: ಅಕ್ಕಾ, 'ಗೊತ್ತಿಲ್ಲ' ಅಂದ ಸರಿ. 'ಮಾಡಿಲ್ಲ' ಅನ್ನಲಿಲ್ಲ ಅಲ್ವಾ? ಗುಮ್ಮನೂ ಪ್ರಾಸಕ್ಕೇ ಬಂದ ಹಾಗಿದೆ.

ಮಾಲೂರು ಅಕ್ಕ: ಗುಮ್ಮ ಪ್ರಾಸಕ್ಕೇ ಬಂದ, ಬಿಡಪ್ಪ. 'ಮಾಡಿಲ್ಲ' ಅನ್ನೋದಕ್ಕೆ ಬ್ರಹ್ಮಜಾಲ ಸುತ್ತ ಇದೆ. ಲೋಕ ಅಳಿದು ಮತ್ತೆ ಅರಳುವಾಗ ಖಾಲಿ ಬ್ರಹ್ಮವಿಮಾನದಲ್ಲಿ (ಬ್ರಹ್ಮನ ಅರಮನೆಯಲ್ಲಿ) ಮೊದಲು ಹುಟ್ಟುವವನು ಈ ಬ್ರಹ್ಮ. ಒಂಟಿತನ ಕಾಡಿ, ಜೊತೆಗೆ ಯಾರಾದರೂ ಬರಬಾರದೇ ಅಂದುಕೊಳ್ಳುತ್ತಾನೆ. ಅಷ್ಟರಲ್ಲಿ ಬೇರೆಯವರೂ ಮೇಲಿನ ಲೋಕದ ಆಯಸ್ಸೋ ಪುಣ್ಯವೋ ತೀರಿ ಅಲ್ಲಿಗೆ ಬರುತ್ತಾರೆ. ನಾನು ಬಯಸಿದೆ, ಇವರು ಬಂದರು, ಅಂದಮೇಲೆ ನಾನೇ ಹುಟ್ಟಿಸಿದೆ! ಬಂದವರೂ ಹಾಗೇ ನಂಬುತ್ತಾರೆ, ಅವರಿಗಿಂತ ಮೊದಲೇ ಇದ್ದವನಲ್ಲವೇ?

ಮೇಷ್ಟ್ರು: ಈಗ ಗಂಟು ಬಿಚ್ಚಿತು. ನಮ್ಮ ಭಾಗವತದ ಬ್ರಹ್ಮನಿಗೂ ಮೊದಲು ಏನೂ ತಿಳಿಯದು. ಕೂತ ಕಮಲ ಎಲ್ಲಿಂದ ಬಂತು ಅಂತ ದಂಟಿನೊಳಗೆ ಇಳಿದು ಹುಡುಕುತ್ತಾನೆ. ಬುಡ ಸಿಗದೆ ವಾಪಸ್ ಬಂದು ತಪಸ್ಸಿಗೆ ಕೂರುತ್ತಾನೆ. ಸೃಷ್ಟಿ ಎಲ್ಲ ಆಮೇಲೆ. ಇದನ್ನೂ ಯಾರಾದರೂ ಹಿಡಿಯಿರಿ. ಮೊದಲೆರಡು ಸಾಲು ನನ್ನವು:

ಹೊಮ್ಮಿದಂಬುಜದೊಳಗೆ ಕುಳಿತವ
ಬಿಮ್ಮನಿಳಿದನು ದಂಟಿನಾಳಕೆ

ನಡುವಿನ ಮೂರು ಸಾಲು ಭಾನುವಾರದೊಳಗೆ ಬರಲಿ. 'ಒಮ್ಮೆ', 'ಸುಮ್ಮನೆ' ಎರಡೂ ಆಗಲೇ ಖರ್ಚಾಗಿವೆ, ಬೇರೆ ಹುಡುಕಿ.