ಪಿಕಪ್ಪಿಗೆ ಊಫರ್ ಬಂದದ್ದು

ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಯಾವ ತೀರ್ಮಾನವೂ ಆಗುವುದಿಲ್ಲ. ಪಿಕಪ್ಪಿಗೆ ಸಬ್ ಊಫರ್, ಅಂದರೆ ದಪ್ಪ ಸದ್ದಿಗೇ ಅಂತ ಇರುವ ಸ್ಪೀಕರ್, ಹಾಕಿಸುವ ಮಾತನ್ನು ನಮ್ಮ ತಿಪ್ಪ ಎತ್ತಿದ್ದೂ ಎರಡನೇ ಪ್ಲೇಟ್ ಮೆಣಸಿನಕಾಯಿ ಬಂದ ಮೇಲೆಯೇ.

"ಹನ್ನೆರಡು ಇಂಚು," ಎಂದ. ಬಾಯಲ್ಲಿ ಬಿಸಿ ಮೆಣಸಿನಕಾಯಿ ಇತ್ತು. ಅಷ್ಟೇ ಕೇಳಿಸಿತು.

"ಏನು ಹನ್ನೆರಡು ಇಂಚು?" ಎಂದರು ಮಾಮ. ತಿಪ್ಪನಿಗೆ ಸೋದರಮಾವ, ನಮಗೆಲ್ಲ ಮಾಮ. ಗಾಡಿಗೆ ಚೀಲ ಹತ್ತಿಸುವುದು, ಇಳಿಸುವುದು, ದಾರಿಯುದ್ದಕ್ಕೂ ಎಡಗಡೆ ಸೀಟಿನಲ್ಲಿ ನಿದ್ದೆ ಮಾಡುವುದು, ಮೂರೂ ಅವರ ಕೆಲಸ.

"ಊಫರ್ ಮಾಮ. ಡಬ್ಬಿ ಸೇರಿ ಎರಡು ಅಡಿ ಅಗಲ ಬರುತ್ತೆ. ಸೀಟಿನ ಮೇಲೇ ಇಡಬೇಕು."

"ನಾನು?"

ತಿಪ್ಪ ಸ್ವಲ್ಪ ಹೊತ್ತು ಯೋಚಿಸಿದ. "ಹಿಂದೆ ಮಂಡಕ್ಕಿ ಚೀಲದ ಮೇಲೆ ಮೆತ್ತಗಿರುತ್ತೆ ಮಾಮ."

ಆ ಕ್ಷಣವೇ ಮಾಮ ವಿರೋಧ ಪಕ್ಷಕ್ಕೆ ಸೇರಿದರು. ನಾನೂ ಅವರ ಹಿಂದೆ ಕೂತೆ. ಉಳಿದವನು ಡಿಪ್ಲೊಮಾ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು. ಎರಡು ಸಬ್ಜೆಕ್ಟ್ ಇನ್ನೂ ಬಾಕಿ ಇವೆ, ಆದರೆ ಹೆಸರು ಪೂರ್ತಿ ಬಂದುಬಿಟ್ಟಿದೆ.

ತಿಪ್ಪ ಮೊಬೈಲಿನಲ್ಲಿ ಫೋಟೋ ತೋರಿಸಿದ. ಡಬ್ಬಿಯ ಮೇಲೆ ಬೆಂಕಿಯ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ 4000 ವ್ಯಾಟ್.

"ಆಂಪ್ಲಿಫೈಯರಿಗೆ ಎಷ್ಟರ ಫ್ಯೂಸ್ ಇದೆ, ನೋಡು," ಎಂದ ಡಿಪ್ಲೊಮಾ.

"30 ಆಂಪಿಯರ್."

"ಬ್ಯಾಟರಿ 12 ವೋಲ್ಟು. ಗುಣಿಸು. 360 ವ್ಯಾಟ್ ಆಯ್ತು. ಇಂಜಿನ್ ಓಡುವಾಗ 14 ವೋಲ್ಟ್ ಅಂತ ಇಟ್ಟುಕೊಂಡರೂ 420. ಅದಕ್ಕಿಂತ ಜಾಸ್ತಿ ಎಳೆದರೆ ಫ್ಯೂಸ್ ಹಾರುತ್ತೆ. ಆ 420ರಲ್ಲೂ ಒಂದಷ್ಟು ಬಿಸಿಯಾಗಿ ಹೋಗುತ್ತೆ."

"ಹಾಗಾದ್ರೆ ಈ 4000 ಎಲ್ಲಿಂದ ಬಂತಲೇ?"

"ಪ್ರಿಂಟಿಂಗ್ ಪ್ರೆಸ್ಸಿನಿಂದ."

ಮಾಮನಿಗೆ ತಟ್ಟನೆ ಅರ್ಥವಾಯಿತು. "ಮಂಡಕ್ಕಿ ಲೆಕ್ಕ ಅನ್ನು! ಸೇರಿನಲ್ಲಿ ಅಳೆದರೆ ರಾಶಿ, ತಕ್ಕಡಿಗೆ ಹಾಕಿದರೆ ಉಫ್." ಡಿಪ್ಲೊಮಾ ತಿನ್ನುವುದನ್ನೇ ನಿಲ್ಲಿಸಿ ಮಾಮನ ಮುಖ ನೋಡಿದ. ಡಬ್ಬಿ ಮೇಲೆ ಆರ್‌ಎಂಎಸ್ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರಲ್ಲ, ಒಂದೇ ಸಮ ನಿಜವಾಗಿ ಕೊಡುವ ವ್ಯಾಟ್, ಅದು ತಕ್ಕಡಿ. ಮ್ಯಾಕ್ಸ್ ಅಂತ ದಪ್ಪಕ್ಷರದಲ್ಲಿ ಬರೆದಿರುವುದು ಸೇರು. ಆಮೇಲೆ ನಮ್ಮಲ್ಲಿ ಯಾರೂ ಆರ್‌ಎಂಎಸ್ ಅನ್ನಲಿಲ್ಲ. ತಕ್ಕಡಿ ವ್ಯಾಟ್ ಎಷ್ಟು ಅಂತಲೇ ಕೇಳಿದೆವು.

"ವ್ಯಾಟು ಡಬಲ್ ಆದರೆ ಸೌಂಡೂ ಡಬಲ್ ಅಲ್ವಾ?" ಎಂದು ತಿಪ್ಪ ಇನ್ನೊಂದು ದಾರಿ ಹುಡುಕಿದ.

ಅದೂ ಇಲ್ಲವಂತೆ. ವ್ಯಾಟ್ ಎರಡು ಪಟ್ಟಾದರೆ ಸದ್ದು ಬರೀ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಡಬಲ್ ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ತಿಪ್ಪ ಬೆರಳಲ್ಲಿ ಲೆಕ್ಕ ಹಾಕಿದ. ಬೆರಳು ಸಾಲಲಿಲ್ಲ, ದುಡ್ಡಂತೂ ಮೊದಲೇ ಸಾಲುತ್ತಿರಲಿಲ್ಲ.

"ಡಬ್ಬಿ ಯಾಕೆ? ಬರೀ ಸ್ಪೀಕರ್ ಸಾಲದಾ?" ಎಂದರು ಮಾಮ. ಅವರ ಯೋಚನೆ ಪೂರ್ತಿ ಸೀಟಿನ ಸುತ್ತಲೇ ಇತ್ತು.

ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ನಾನು ಹುಡುಗನಾಗಿದ್ದಾಗ ನಮ್ಮಣ್ಣ ಟೇಪ್ ರೆಕಾರ್ಡರಿನ ಸ್ಪೀಕರ್ ಬಿಚ್ಚಿ, ಅಮ್ಮನ ನೀರಿನ ಮಡಕೆಯ ಬಾಯಿಗೆ ಕವುಚಿ ಹಾಕಿದ್ದ. ಕೈಯಲ್ಲಿ ಹಿಡಿದಾಗ ಕೀಚಲು ಕೀಚಲು ಅನ್ನುತ್ತಿದ್ದ ಸ್ಪೀಕರ್ ಮಡಕೆಗೆ ಕೂತ ಕೂಡಲೇ ಗುಮ್ ಗುಮ್ ಅಂದಿತು. ಸ್ಪೀಕರಿನ ಕಾಗದ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಗಾಳಿ ಎಳೆಯುತ್ತದೆ. ಎರಡೂ ಬೆರೆತರೆ ದಪ್ಪ ಸದ್ದು ಅಲ್ಲಲ್ಲೇ ವಜಾ. ಮಡಕೆ ಹಿಂದಿನ ಗಾಳಿಯನ್ನು ಒಳಗೇ ಹಿಡಿದಿಡುತ್ತದೆ. ಊಫರ್ ಡಬ್ಬಿಯ ಕೆಲಸವೂ ಅದೇ. ಅಮ್ಮನಿಗೆ ಇದನ್ನು ವಿವರಿಸುವಷ್ಟು ವ್ಯವಧಾನ ಅವತ್ತು ಅಣ್ಣನಿಗೆ ಸಿಗಲಿಲ್ಲ. ಓಡುತ್ತಿದ್ದ.

"ಕೇಳಿಲ್ಲಿ," ಎಂದ ಡಿಪ್ಲೊಮಾ. "40 ಹರ್ಟ್ಜಿನ ದಪ್ಪ ಸದ್ದಿನ ಒಂದು ಅಲೆ ಸುಮಾರು 28 ಅಡಿ ಉದ್ದ. ನಿನ್ನ ಕ್ಯಾಬಿನ್ ಐದು ಅಡಿ."

ತಿಪ್ಪನ ಮುಖ ಇಳಿಯಿತು. "ಹಿಡಿಸಲ್ವಾ?"

"ಉಲ್ಟಾ. ಅಷ್ಟು ಸಣ್ಣ ಜಾಗದಲ್ಲಿ ಗಾಜು ಏರಿಸಿ ಕೂತರೆ ಒಳಗಿನ ಗಾಳಿಯೆಲ್ಲ ಒಟ್ಟಿಗೇ ಒತ್ತುತ್ತೆ. ದಪ್ಪ ಸದ್ದು ತಾನಾಗಿ ಏರುತ್ತೆ. ಕಲ್ಯಾಣ ಮಂಟಪಕ್ಕೆ ಹಾಕೋದನ್ನ ಕ್ಯಾಬಿನ್ನಿಗೆ ಯಾಕೆ ಹಾಕ್ತೀಯ? ಎಂಟು ಇಂಚಿನ ಚಪ್ಪಟೆ ಡಬ್ಬಿ ಸಾಕು, ಆಂಪ್ ಒಳಗೇ ಇರುತ್ತೆ."

ಎಂಟು ಇಂಚು ಅಂದಾಗ ತಿಪ್ಪ ಅರ್ಧ ಗಂಟೆ ಮಾತಾಡಲಿಲ್ಲ. ಓಣಿಯ ಹುಡುಗರು ಕೇಳಿದರೆ ಏನು ಹೇಳಬೇಕು ಅನ್ನುವುದೇ ಅವನ ಚಿಂತೆ. ಕೊನೆಗೆ ಮಾಮ ಮೆಣಸಿನಕಾಯಿ ದುಡ್ಡು ತಾವೇ ಕೊಟ್ಟು ಒಪ್ಪಿಸಿದರು. ಮಾಮ ಜೇಬಿಗೆ ಕೈ ಹಾಕಿದ್ದು ನಾನು ನೋಡಿದ್ದು ಅದೇ ಮೊದಲು.

ಸೀಟಿನ ಹಿಂದೆ ಒಂದಿಷ್ಟು ಸಂದಿ ಇತ್ತು. ಅಲ್ಲಿದ್ದ ಹಳೇ ಟವೆಲ್, ಗ್ರೀಸ್ ಡಬ್ಬಿ, ಜಾಕು, ಯಾರದೋ ಒಂಟಿ ಚಪ್ಪಲಿ, ಎರಡು ವರ್ಷದ ಹಿಂದಿನ ಲಗ್ನಪತ್ರಿಕೆ ಎಲ್ಲ ತೆಗೆದು ತಿಪ್ಪನ ಮನೆಯ ಅಟ್ಟಕ್ಕೆ ಹಾಕಿದೆವು. ಚಪ್ಪಲಿ ಮಾಮನದು ಅಂತ ಆಮೇಲೆ ಗೊತ್ತಾಯಿತು. ಡಬ್ಬಿ ಸರಿಯಾಗಿ ಕೂತಿತು.

ಅಂಗಡಿಯ ಹುಡುಗ ಕೆಂಪು ವೈರನ್ನು ಬ್ಯಾಟರಿಯಿಂದ ನೇರ ಎಳೆಯಲು ಹೊರಟ. ಡಿಪ್ಲೊಮಾ ತಡೆದ. ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೆ ಇನ್ನೊಂದು ಫ್ಯೂಸ್ ಬೇಕಂತೆ. "ಡಬ್ಬಿಯಲ್ಲಿ ಒಂದಿದೆಯಲ್ಲ ಸಾರ್?" ಎಂದ ಹುಡುಗ. "ಅದು ಡಬ್ಬಿ ಉಳಿಸೋಕೆ. ಇದು ಗಾಡಿ ಉಳಿಸೋಕೆ. ವೈರು ತಗಡಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರ್ ಹರಿದರೆ ಬೆಂಕಿ ಹತ್ತೋದು ದಾರಿಯಲ್ಲಿ." ಡಬ್ಬಿ ಮೇಲಿನ ಬೆಂಕಿಯ ಚಿತ್ರ ಆಗ ನನಗೆ ಬೇರೆ ಥರ ಕಂಡಿತು.

ಶುರು ಮಾಡಿದರೆ ಹಾಡಿನ ಹಿಂದೆ ಕುಂಯ್ ಅಂತ ಸೊಳ್ಳೆ. ಆಕ್ಸಿಲೇಟರ್ ತುಳಿದರೆ ಸೊಳ್ಳೆಯ ಶ್ರುತಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಮಾಮ ನಿಜವಾಗಿಯೂ ಒಂದೆರಡು ಸಲ ಚಪ್ಪಾಳೆ ಹೊಡೆದು ನೋಡಿದರು. ಅದು ಇಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದು. ಹುಡುಗ ಅರ್ಥ್ ವೈರನ್ನು ಬಣ್ಣದ ಮೇಲೇ ಬೋಲ್ಟ್ ಮಾಡಿದ್ದ, ಹಾಡಿನ ವೈರನ್ನೂ ಕರೆಂಟಿನ ವೈರನ್ನೂ ಒಂದೇ ಕಡೆ ಜೊತೆಯಲ್ಲಿ ಕಟ್ಟಿದ್ದ. ಬಣ್ಣ ಕೆರೆದು ಹೊಳೆಯುವ ತಗಡಿಗೆ ಅರ್ಥ್ ಕೊಟ್ಟು, ಒಂದು ವೈರನ್ನು ಬಲಗಡೆ, ಇನ್ನೊಂದನ್ನು ಎಡಗಡೆ ಒಯ್ದ ಮೇಲೆ ಸೊಳ್ಳೆ ಸತ್ತಿತು. ಬಣ್ಣ ಕೆರೆಯುವಾಗ ತಿಪ್ಪ ಆ ಕಡೆ ತಿರುಗಿ ನಿಂತಿದ್ದ.

ಇನ್ನು ಗಡಗಡ. ಊಫರ್ ಹಾಡನ್ನು ನುಡಿಸುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಅದು ನುಡಿಸಿದ್ದು ಪಿಕಪ್ಪನ್ನು. ಬಾಗಿಲು, ಕನ್ನಡಿ, ನಂಬರ್ ಪ್ಲೇಟ್, ಡ್ಯಾಶ್ ಬೋರ್ಡಿನ ಖಾನೆಯಲ್ಲಿದ್ದ ಚಿಲ್ಲರೆ, ಒಂದೊಂದೂ ತನ್ನದೇ ತಾಳ ಹಾಕಿತು. ಯಾವುದು ಎಲ್ಲಿ ಅಂತ ಕಿವಿಗೆ ಗೊತ್ತಾಗುವುದಿಲ್ಲ. ಎಲ್ಲ ಒಟ್ಟಿಗೇ ಬಡಿದುಕೊಂಡರೆ ಯಾವ ಕಡೆಯಿಂದ ಅಂತ ಕಿವಿ ಹೇಳಲಾರದು.

ಮಾಮ ಜೇಬಿನಿಂದ ಒಂದು ಹಿಡಿ ಮಂಡಕ್ಕಿ ತೆಗೆದರು. ಡ್ಯಾಶ್ ಬೋರ್ಡ್ ಮೇಲೆ ಚೆಲ್ಲಿದರು. ತಗಡು ಅಲುಗದ ಕಡೆ ಮಂಡಕ್ಕಿ ಸುಮ್ಮನೆ ಕೂತಿತು. ಅಲುಗುವ ಕಡೆ ಒಗ್ಗರಣೆಗೆ ಬಿದ್ದ ಹಾಗೆ ಕುಣಿಯಿತು. ಕುಣಿದ ಕಡೆಯೆಲ್ಲ ಸ್ಕ್ರೂ ಬಿಗಿ ಮಾಡಿದೆವು, ಹಿಂದೆ ಫೋಮ್ ತುರುಕಿದೆವು. ಡಿಪ್ಲೊಮಾಗೆ ಇದನ್ನು ಅವನ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ.

"ಗೇನ್ ತಿರುಪು ವಾಲ್ಯೂಮ್ ಅಲ್ಲ, ಸ್ಟೀರಿಯೋಗೆ ಆಂಪನ್ನ ಹೊಂದಿಸೋಕೆ ಇರೋದು, ಅದನ್ನ ಮುಟ್ಟಬೇಡ," ಎಂದು ಡಿಪ್ಲೊಮಾ ಹೇಳಿದ. ತಿಪ್ಪ ಹೂಂ ಎಂದ. ಡಿಪ್ಲೊಮಾ ಬೆನ್ನು ತಿರುಗಿಸಿದ ಮೇಲೆ ಮುಟ್ಟಿದ.

ಮಾರನೇ ರಾತ್ರಿ ಚಿತ್ರದುರ್ಗಕ್ಕೆ ಮಂಡಕ್ಕಿ ಲೋಡು. ಹೊಸ ಸೌಂಡ್ ಕೇಳಲು ನಾವಿಬ್ಬರೂ ಹತ್ತಿದೆವು. ನಾಲ್ಕು ಜನ ಒಬ್ಬರ ಮೇಲೊಬ್ಬರು. ಎದೆಯೊಳಗೇ ಯಾರೋ ಡೊಳ್ಳು ಬಾರಿಸಿದ ಹಾಗಿತ್ತು. ಎಂಟು ಇಂಚಿನ ಬಗ್ಗೆ ತಿಪ್ಪ ಒಂದು ಮಾತೂ ಆಡಲಿಲ್ಲ. ಭರಮಸಾಗರ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಗಾಡಿ ಎಡಕ್ಕೆ ವಾಲಿತು. ಸದ್ದಿನಲ್ಲಿ ಟೈರ್ ಪಂಕ್ಚರ್ ಆದದ್ದು ಯಾರಿಗೂ ಕೇಳಿಸಿರಲಿಲ್ಲ.

ಸ್ಟೆಪ್ನಿ ಇತ್ತು. ತಿಪ್ಪ ಸೀಟಿನ ಹಿಂದೆ ಕೈ ಹಾಕಿದ. ಕೈಗೆ ಊಫರ್ ಸಿಕ್ಕಿತು.

"ಜಾಕು ಎಲ್ಲಲೇ?" ಎಂದರು ಮಾಮ.

ಅಟ್ಟದ ಮೇಲೆ. ಮಾಮನ ಚಪ್ಪಲಿಯ ಪಕ್ಕ.

ಕೈ ತೋರಿಸಿದರೆ ಯಾರೂ ನಿಲ್ಲಲಿಲ್ಲ. ಬೇಜಾರಿಗೆ ಇಂಜಿನ್ ಆಫ್ ಮಾಡಿ ಹಾಡು ಹಾಕಿಕೊಂಡು ಕೂತೆವು. ಒಂದೂವರೆ ಗಂಟೆಯಾದ ಮೇಲೆ ಒಂದು ಲಾರಿ ನಮ್ಮನ್ನು ದಾಟಿಹೋಗಿ, ಮುಂದೆ ನಿಂತು, ಹಿಂದಕ್ಕೆ ಬಂತು. ಡ್ರೈವರ್ ಇಳಿದ. ಟೈರಿನ ಕಡೆ ನೋಡಲೇ ಇಲ್ಲ. ನೇರ ಕ್ಯಾಬಿನ್ನಿಗೆ ತಲೆ ಹಾಕಿದ.

"ಎಷ್ಟು ಇಂಚು?"

"ಹನ್ನೆರಡು," ಎಂದ ತಿಪ್ಪ.

ಅವನು ಜಾಕ್ ಕೊಟ್ಟ, ಟೈರ್ ಬದಲಾಯಿತು. ಕೀ ತಿರುಗಿಸಿದರೆ ಟಿಕ್ ಅಂತ ಒಂದು ಸದ್ದು, ಅಷ್ಟೇ. ಬ್ಯಾಟರಿ ಪೂರ್ತಿ ಹಾಡಾಗಿ ಹೋಗಿತ್ತು. ಲಾರಿಯಿಂದ ಕರೆಂಟ್ ಕೊಡೋಣ ಎಂದರೆ ಡಿಪ್ಲೊಮಾ ಬಿಡಲಿಲ್ಲ. ಲಾರಿಯದು 24 ವೋಲ್ಟು, ನಮ್ಮದು 12.

ಡ್ರೈವರನ್ನೂ ಸೇರಿಸಿಕೊಂಡು ತಳ್ಳಿದೆವು. ಮಂಡಕ್ಕಿ ಲೋಡ್ ಆದ್ದರಿಂದ ಗಾಡಿ ಸಲೀಸಾಗಿ ಉರುಳಿತು. ಮೆಕ್ಕೆಜೋಳ ತುಂಬಿದ್ದರೆ ಬೆಳಗಿನ ತನಕ ಅಲ್ಲೇ. ಇಂಜಿನ್ ಕೆಮ್ಮಿ ಹೊತ್ತಿಕೊಂಡ ಕೂಡಲೇ ಸ್ಟೀರಿಯೋನೂ ಎಚ್ಚರವಾಯಿತು. ಹಾಡು ನಿಂತಲ್ಲಿಂದಲೇ ಗುಮ್ ಅಂತ ಶುರುವಾಯಿತು. ತಿಪ್ಪ ಗಾಡಿ ನಿಲ್ಲಿಸಿದರೆ ಮತ್ತೆ ಬಂದ್ ಆದೀತು ಅಂತ ಹಾಗೇ ಮೆಲ್ಲಗೆ ಹೊರಟ. ನಾವು ಹಿಂದೆ ಓಡುತ್ತಾ ಕೂಗಿದೆವು. ಅವನಿಗೆ ಎಲ್ಲಿ ಕೇಳಿಸಬೇಕು.

ಮಾಮ ಒಬ್ಬರೇ ಹಾರಿ ಹಿಂದೆ ಹತ್ತಿದರು, ಚೀಲದ ಮೇಲೆ.