ಅಂಬಾಸಿಡರ್ ಮಾರ್ಕ್ 3ಕ್ಕೆ ಇಸುಜು 1800 ಇಂಜಿನ್ ಕೂರಿಸೋಣ ಅಂತಿದ್ದೇನೆ, ಗೊತ್ತಿದ್ದವರು ಹೇಳಿ

ಸಿರುಗುಪ್ಪ ಅಂಬಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1976ರ ಅಂಬಾಸಿಡರ್ ಮಾರ್ಕ್ 3 ಇದೆ. ತಾತ ಕೊಂಡದ್ದು, ಆಮೇಲೆ ಅಪ್ಪ ಓಡಿಸಿದರು, ಈಗ ನನ್ನ ಕೈಗೆ ಬಂದಿದೆ. ಪೆಟ್ರೋಲ್ ಗಾಡಿ, ಅದೇ 1489 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಇರುವ ಹ್ಯಾಂಡ್ ಗೇರ್, ಮುಂದೆ ಉದ್ದ ಸೀಟು. ಬಾಡಿ ಗಟ್ಟಿಯಾಗಿದೆ, ಆರ್‌ಸಿ ರಿನ್ಯೂವಲ್ ಆಗಿದೆ. ತೊಂದರೆ ಇರುವುದು ಇಂಜಿನ್‌ನಲ್ಲಿ. ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವ ರಸ್ತೆ ಸಪಾಟು, ಅಲ್ಲಿ ಹೇಗೋ ನಡೆಯುತ್ತದೆ. ಆದರೆ 70 ದಾಟಿದರೆ ಇಂಜಿನ್ ಕೂಗಲು ಶುರು ಮಾಡುತ್ತದೆ, ಸಂಡೂರು ಕಡೆ ಕುಮಾರಸ್ವಾಮಿ ಬೆಟ್ಟ ಹತ್ತಬೇಕೆಂದರೆ ಅದಿರು ಲಾರಿಗಳ ಹಿಂದೆ ಸೆಕೆಂಡ್ ಗೇರ್‌ನಲ್ಲೇ ತೆವಳಬೇಕು, ಅಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಗಿರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಂತೂ ಗಾಡಿ ಹೊರಗೆ ತೆಗೆಯುವುದಕ್ಕೇ ಭಯ.

ಈಗ ಹುಬ್ಬಳ್ಳಿ ಕಡೆ ಒಬ್ಬರ ಹತ್ತಿರ ಗುಜರಿಗೆ ಹೋದ ಅಂಬಾಸಿಡರ್ 1800ರ ಇಸುಜು ಪೆಟ್ರೋಲ್ ಇಂಜಿನ್, ಐದು ಗೇರ್‌ನ ಬಾಕ್ಸ್ ಸಮೇತ ಇದೆ. ಒಂದೇ ಕಂಪನಿ, ಒಂದೇ ಬಾಡಿ, ಹಾಗಾಗಿ ಸುಲಭವಾಗಿ ಕೂರುತ್ತದೆ ಅನ್ನುತ್ತಾರೆ. ನಮ್ಮ ಊರಿನ ಮೇಸ್ತ್ರಿ ಮಾತ್ರ ಡೀಸೆಲ್ ಹಾಕಿಸು, ಖರ್ಚು ಉಳಿಯುತ್ತದೆ ಅನ್ನುತ್ತಾರೆ. ಡೀಸೆಲ್ ನನಗೆ ಬೇಡ. ಇಸುಜು ಹಾಕಿಸಲೋ ಬೇಡವೋ? ಏನೇನು ಬದಲಾಯಿಸಬೇಕಾಗುತ್ತದೆ? ಸ್ವಲ್ಪ ವಿವರವಾಗಿ ಹೇಳಿ.

ಗಂಗಾವತಿ 1800:
ಹಾಕಿಸಿ ಅಣ್ಣ, ಯೋಚನೆ ಮಾಡಬೇಡಿ! ನಮ್ಮ ಮಾವನ ಹತ್ತಿರ ಕಂಪನಿಯಿಂದಲೇ ಬಂದ 1800 ಇದೆ, ನಾನು ಗಂಗಾವತಿಯಿಂದ ಕೊಪ್ಪಳ, ಹೊಸಪೇಟೆ ಎಲ್ಲ ಅದರಲ್ಲೇ ಓಡಾಡುತ್ತೇನೆ. ಹಳೆ ಇಂಜಿನ್ 50 ಬಿಎಚ್‌ಪಿ ಆಸುಪಾಸು, ಇದು 75. ಅಂಬಾಸಿಡರ್‌ನಷ್ಟು ಭಾರದ ಗಾಡಿಗೆ ಆ ವ್ಯತ್ಯಾಸ ಎಷ್ಟು ಅಂತ ಓಡಿಸಿದವರಿಗೇ ಗೊತ್ತು. ಐದನೇ ಗೇರ್‌ಗೆ ಹಾಕಿದರೆ 80ರಲ್ಲಿ ಪಕ್ಕದವರ ಜೊತೆ ಮೆಲ್ಲಗೆ ಮಾತಾಡಬಹುದು. ಹೊಸಪೇಟೆ ರಸ್ತೆಯಲ್ಲಿ ಲಾರಿ ಓವರ್‌ಟೇಕ್ ಮಾಡಲು ಈಗಿನ ಗಾಡಿಗಳಷ್ಟೇ ಧೈರ್ಯ ಬರುತ್ತದೆ. ಹಳೆ ಗಾಡಿ ಶೆಡ್‌ನಲ್ಲಿ ನಿಂತು ತುಕ್ಕು ಹಿಡಿಯುವುದಕ್ಕಿಂತ ರಸ್ತೆಯಲ್ಲಿ ಓಡುವುದು ಒಳ್ಳೆಯದಲ್ವಾ?

ಒಂದು ಮಾತು, ಇಸುಜು ಬಾಕ್ಸ್‌ಗೆ ಗೇರ್ ರಾಡ್ ನೆಲದಲ್ಲಿ ಬರುತ್ತದೆ. ನಿಮ್ಮ ಹ್ಯಾಂಡ್ ಗೇರ್ ಹೋಗುತ್ತದೆ, ಮುಂದಿನ ಉದ್ದ ಸೀಟು ತೆಗೆದು ಬೇರೆ ಬೇರೆ ಸೀಟು ಹಾಕಬೇಕು. ಮುಂದೆ ಮೂರು ಜನ ಕೂರುವುದು ಆಗುವುದಿಲ್ಲ.

ರಾಯಚೂರು ಗ್ಯಾರೇಜ್:
ನಾನು ರಾಯಚೂರಿನಲ್ಲಿ ಗ್ಯಾರೇಜ್ ನಡೆಸುತ್ತೇನೆ. ಅಂಬಾಸಿಡರ್ ಅಂದರೆ ಈಗಲೂ ಜೀವ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದು ತಮ್ಮಾ.

ಇಸುಜು ಇಂಜಿನ್ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಕ್ಯಾಮ್ ಹೆಡ್ ಮೇಲಿದೆ, ಬೋರ್ (ಸಿಲಿಂಡರ್ ಅಗಲ) 84 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 82, ಹಾಗಾಗಿ ಸಲೀಸಾಗಿ ಏರುತ್ತದೆ. ನಿನ್ನದು ಬೋರ್ 73, ಸ್ಟ್ರೋಕ್ 89. ಉದ್ದ ಸ್ಟ್ರೋಕ್ ಇಂಜಿನ್ ಕೆಳಗಿನಿಂದಲೇ ಎಳೆಯುತ್ತದೆ, ಆದರೆ ಜೋರಾಗಿ ತಿರುಗುವುದು ಅದಕ್ಕೆ ಆಗಿಬರುವುದಿಲ್ಲ. ನಾಲ್ಕೇ ಗೇರ್ ಬೇರೆ. 70ರ ಮೇಲೆ ಕೂಗುತ್ತದೆ ಅಂದೆಯಲ್ಲ, ಅದರಲ್ಲಿ ಅರ್ಧ ಅದರ ಹುಟ್ಟುಗುಣ. ಗಂಗಾವತಿ ಅಣ್ಣ ಹೇಳಿದ ಸುಖ 75 ಬಿಎಚ್‌ಪಿಯಿಂದ ಮಾತ್ರ ಬಂದಿದ್ದಲ್ಲ, ಐದನೇ ಗೇರ್‌ನಿಂದಲೂ ಬಂದಿದ್ದು.

ಒಂದೇ ಕಂಪನಿ ಅನ್ನುವುದೇನೋ ಸರಿ, ಆದರೆ ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವ ಕೆಲಸ ಅಲ್ಲ. ಇಂಜಿನ್ ಮೌಂಟಿಂಗ್, ಗೇರ್‌ಬಾಕ್ಸ್ ಕೆಳಗಿನ ಕ್ರಾಸ್ ಮೆಂಬರ್, ಸೈಲೆನ್ಸರ್ ಪೈಪು, ಕ್ಲಚ್ ಜೋಡಣೆ, ಆಕ್ಸಿಲರೇಟರ್ ಕೇಬಲ್, ಮೀಟರ್ ಕೇಬಲ್, ವೈರಿಂಗ್, ರೇಡಿಯೇಟರ್ ಎಲ್ಲ ಆ 1800 ಗಾಡಿಯದೇ ಬೇಕು. ಇಂಜಿನ್, ಬಾಕ್ಸ್ ಮಾತ್ರ ತಂದು ಉಳಿದದ್ದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುತ್ತೇನೆ ಅಂದರೆ ಅಲ್ಲಿಂದಲೇ ಕಷ್ಟ ಶುರು. ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಉದ್ದ ಬೇರೆ ಆದರೆ ಕತ್ತರಿಸಿ ಬೆಸೆಯಬೇಕು, ಬೆಸೆದ ಮೇಲೆ ಬ್ಯಾಲೆನ್ಸ್ ಮಾಡಿಸಲೇಬೇಕು. ಬ್ಯಾಲೆನ್ಸ್ ಇಲ್ಲದಿದ್ದರೆ 60ರಲ್ಲಿ ಇಡೀ ಗಾಡಿ ನಡುಗುತ್ತದೆ, ಶಾಫ್ಟ್ ತುದಿಯ ಜಾಯಿಂಟ್ ಕ್ರಾಸ್ ಬೇಗ ಹೋಗುತ್ತದೆ. ಬಾಕ್ಸ್ ಮತ್ತು ಹೌಸಿಂಗ್ (ಹಿಂದಿನ ಆಕ್ಸಲ್) ಎರಡರ ಕೋನ ಹೊಂದದಿದ್ದರೂ ಅದೇ ಗತಿ.

ಇನ್ನು ಬ್ರೇಕ್. ನಿನ್ನ ಮಾರ್ಕ್ 3ಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್, ಬೂಸ್ಟರ್ ಇಲ್ಲ. ಆಮೇಲೆ ಬಂದ 1800ಗಳಲ್ಲಿ ಮುಂದೆ ಡಿಸ್ಕ್ ಕೊಟ್ಟರು, ಸುಮ್ನೆ ಕೊಡಲಿಲ್ಲ. ಲೆಕ್ಕ ಮಾಡು: 60ರಲ್ಲಿ ಹೋಗುವ ಗಾಡಿ 80ಕ್ಕೆ ಏರಿದರೆ, ನಿಲ್ಲಿಸುವಾಗ ಬ್ರೇಕ್ ತಿನ್ನಬೇಕಾದ ಶಕ್ತಿ ಹೆಚ್ಚುಕಡಿಮೆ 1.8 ಪಟ್ಟು ಆಗುತ್ತದೆ. ಸಂಡೂರು ಬೆಟ್ಟ ಇಳಿಯುವಾಗ ಡ್ರಮ್ ಕಾದು ಪೆಡಲ್ ಕೆಳಗೆ ಹೋದರೆ ಯಾವ ಇಂಜಿನ್ ಇದ್ದು ಏನು ಪ್ರಯೋಜನ? ಇಂಜಿನ್‌ಗೆ ಮೊದಲು ಬ್ರೇಕ್‌ಗೆ ದುಡ್ಡು ಎತ್ತಿಡು. ಇಂಜಿನ್ ಯಾವುದೇ ಇರಲಿ, ಈ ಮಾತು ಮಾತ್ರ ನಾನು ಬಿಡುವುದಿಲ್ಲ.

ಈಗ ನನ್ನ ಪ್ರಶ್ನೆ. ನಿನ್ನ ಇಂಜಿನ್‌ನ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಯಾರಾದರೂ ನೋಡಿದ್ದಾರಾ? ಹೊಗೆ ಬರುತ್ತಾ? ಆಯಿಲ್ ಕುಡಿಯುತ್ತಾ? ಕಾಯಿಲೆ ಏನು ಅಂತ ನೋಡದೆ ಇಂಜಿನ್ ಕಿತ್ತುಹಾಕುವುದು ನನಗೆ ಒಪ್ಪಿಗೆ ಇಲ್ಲ. ಸರಿಯಾಗಿರುವ 1489 ಬೆಟ್ಟ ಹತ್ತುತ್ತದೆ, ಬಿಸಿ ಆಗುವುದಿಲ್ಲ. ನಮ್ಮ ರಾಯಚೂರಿನ ಬಿಸಿಲಲ್ಲಿ ಇವೇ ಗಾಡಿಗಳು ಎಷ್ಟೋ ವರ್ಷ ಟ್ಯಾಕ್ಸಿ ಓಡಿವೆ.

ಕೆಎ 34:
ಗ್ಯಾರೇಜ್ ಅಣ್ಣ ಹೇಳಿದ್ದು ಸರಿ. ಕಾಗದದ ವಿಷಯ ಯಾರೂ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು, ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. 1489 ಸಿಸಿ ಅಂತ ಆರ್‌ಸಿಯಲ್ಲಿದೆ, ಬಾನೆಟ್ ಎತ್ತಿದರೆ 1817 ಸಿಸಿ. ರಸ್ತೆಯಲ್ಲಿ ಯಾರೂ ನೋಡದೇ ಇರಬಹುದು. ಆದರೆ ಐದು ವರ್ಷಕ್ಕೊಮ್ಮೆ ರಿನ್ಯೂವಲ್‌ಗೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ಇಂಜಿನ್ ನಂಬರ್ ನೋಡುತ್ತಾರೆ. ಅದಕ್ಕಿಂತ ದೊಡ್ಡದು ಇನ್ಶೂರೆನ್ಸ್. ದೇವರು ಹಾಗೆ ಮಾಡದಿರಲಿ, ಒಂದು ಆಕ್ಸಿಡೆಂಟ್ ಆಗಿ ಯಾರಿಗಾದರೂ ಪೆಟ್ಟಾದರೆ, ಇಂಜಿನ್ ಬೇರೆ ಅಂತ ಕಂಪನಿಯವರು ತಕರಾರು ತೆಗೆಯಲು ದಾರಿ ಮಾಡಿಕೊಟ್ಟ ಹಾಗೆ. ಅದೇ ತರದ 1489 ಇಂಜಿನ್ ಆದರೆ ಬೇರೆ ಮಾತು, ಬಿಲ್ಲು ಇಟ್ಟುಕೊಂಡು ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದು ಹೊಸ ನಂಬರ್ ಬರೆಸಬಹುದು.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಗಾಡಿ 1976ರದು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ ವಿಎ ಅಕ್ಷರ ಇರುವ ನಂಬರ್ ಸಿಗುತ್ತದೆ, ಹೊಸ ನೋಂದಣಿಗೆ 20,000 ಶುಲ್ಕ, 10 ವರ್ಷ ನಡೆಯುತ್ತದೆ. ಷರತ್ತು ಏನೆಂದರೆ ಚಾಸಿಸ್, ಬಾಡಿ, ಇಂಜಿನ್ ಮೂಲದ ಹಾಗೇ ಇರಬೇಕು. ಇಸುಜು ಕೂರಿಸಿದ ದಿನವೇ ಆ ಬಾಗಿಲು ಮುಚ್ಚಿತು. ಹಾಗಂತ ಆ ನಂಬರ್ ಎಲ್ಲರಿಗೂ ಸರಿ ಹೋಗುವುದಿಲ್ಲ. ವಿಂಟೇಜ್ ಅಂತ ಮಾಡಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥದ್ದಕ್ಕೆ ಮಾತ್ರ. ನೀವು ಬೆಟ್ಟಕ್ಕೆ, ಬಳ್ಳಾರಿಗೆ ಓಡಿಸಬೇಕು ಅನ್ನುವವರು, ಮಾಡಿಸದೇ ಇರಬಹುದು. ಆದರೆ ತಾತನ ಗಾಡಿ, ಮುಂದೆ ನಿಮ್ಮ ಮಕ್ಕಳಿಗೆ ಆ ದಾರಿ ಬೇಕಾಗಬಹುದು.

ಗಂಗಾವತಿ 1800:
ವಿಂಟೇಜ್ ನಿಯಮ ನನಗೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಥ್ಯಾಂಕ್ಸ್. ಆದರೂ ಒಂದು ಮಾತು ಹೇಳುತ್ತೇನೆ. 1800 ಓಡಿಸಬೇಕು ಅನ್ನುವ ಆಸೆ ಅಷ್ಟೊಂದು ಇದ್ದರೆ, ಕಂಪನಿಯಿಂದಲೇ 1800 ಆಗಿ ಬಂದ ಗಾಡಿ ಹುಡುಕಿ ಕೊಳ್ಳಿ. 1990ರ ದಶಕದ ಗಾಡಿಗಳು ನಮ್ಮ ಕಡೆ ಇನ್ನೂ ಸಿಗುತ್ತವೆ. ಇಂಜಿನ್, ಬ್ರೇಕ್, ಆರ್‌ಸಿ ಎಲ್ಲ ಒಂದಕ್ಕೊಂದು ಹೊಂದಿರುತ್ತದೆ. ನಿಮ್ಮ ತಾತನ ಗಾಡಿ ಹಾಗೇ ಇರಲಿ.

ಸಿರುಗುಪ್ಪ ಅಂಬಿ:
ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ವಿಎ ನಂಬರ್ ವಿಷಯ ಓದಿ ಅಪ್ಪನಿಗೆ ತೋರಿಸಿದೆ, ಅವರಂತೂ ಇಂಜಿನ್ ಮುಟ್ಟಬೇಡ ಅಂದುಬಿಟ್ಟರು. ಹುಬ್ಬಳ್ಳಿಯವರಿಗೆ ಸದ್ಯಕ್ಕೆ ಬೇಡ ಅಂತ ಹೇಳಿದ್ದೇನೆ.

ಗ್ಯಾರೇಜ್ ಅಣ್ಣ, ನೀವು ಹೇಳಿದ ಹಾಗೆ ಬಳ್ಳಾರಿಯಲ್ಲಿ ಕಂಪ್ರೆಶನ್ ನೋಡಿಸಿದೆ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿದರು. ಒಂದನೇ ಸಿಲಿಂಡರ್ 125 ಪಿಎಸ್‌ಐ, ಎರಡನೆಯದು 120, ಮೂರನೆಯದು 70, ನಾಲ್ಕನೆಯದು 122. ಮೂರನೆಯದಕ್ಕೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿದರೂ 70 ದಾಟಲಿಲ್ಲ. ನೀಲಿ ಹೊಗೆ ಇಲ್ಲ. ಆಯಿಲ್ ಅಷ್ಟಾಗಿ ಕಡಿಮೆ ಆಗುವುದಿಲ್ಲ. ರೇಡಿಯೇಟರ್‌ಗೆ ಇಲ್ಲಿಯವರೆಗೆ ಬೋರ್‌ವೆಲ್ ನೀರೇ ಹಾಕುತ್ತಿದ್ದೆವು. ಥರ್ಮೋಸ್ಟಾಟ್ ಯಾರೋ ಹಿಂದೆಯೇ ತೆಗೆದುಹಾಕಿದ್ದಾರೆ.

ರಾಯಚೂರು ಗ್ಯಾರೇಜ್:
ನೋಡು, ನಾಲ್ಕರಲ್ಲಿ ಮೂರು ಸಿಲಿಂಡರ್ ಚೆನ್ನಾಗಿವೆ. ಆಯಿಲ್ ಬಿಟ್ಟಾಗ ಕಂಪ್ರೆಶನ್ ಏರಿದ್ದರೆ ಪಿಸ್ಟನ್ ರಿಂಗ್ ಸವೆದಿದೆ ಅನ್ನಬಹುದಿತ್ತು, ಏರಲಿಲ್ಲ, ಹಾಗಾಗಿ ವಾಲ್ವ್ ಮೇಲೆ ನನ್ನ ಅನುಮಾನ. ಎರಡು ಸಿಲಿಂಡರ್ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಅಕ್ಕಪಕ್ಕದ ಎರಡೂ ಕಡಿಮೆ ತೋರಿಸುತ್ತಿದ್ದವು. ಈ ಇಂಜಿನ್‌ನಲ್ಲಿ ಎರಡನೇ, ಮೂರನೇ ಸಿಲಿಂಡರ್‌ಗಳ ಎಕ್ಸಾಸ್ಟ್ ಒಂದೇ ಬಾಯಿಯಿಂದ ಹೊರಗೆ ಹೋಗುತ್ತದೆ, ಅಲ್ಲಿ ಬಿಸಿ ಯಾವಾಗಲೂ ಜಾಸ್ತಿ. ಮೂರನೆಯದರ ಎಕ್ಸಾಸ್ಟ್ ವಾಲ್ವ್ ಸುಟ್ಟಿದ್ದರೆ ನನಗೆ ಆಶ್ಚರ್ಯ ಇಲ್ಲ. ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ನೋಡು, ತೀರಾ ಬಿಗಿಯಾಗಿದ್ದು ವಾಲ್ವ್ ಪೂರ್ತಿ ಕೂರದೇ ಇರಬಹುದು. ಗ್ಯಾಪ್ ಸರಿ ಮಾಡಿದ ಮೇಲೂ ಹಾಗೇ ಇದ್ದರೆ ಹೆಡ್ ಬಿಚ್ಚಿಸು.

ಬಿಚ್ಚಿದಾಗ ಒಂದು ಕೆಲಸ ಮರೆಯಬೇಡ. ಈ ಇಂಜಿನ್ ಸೀಸ ಇರುವ ಪೆಟ್ರೋಲ್ ಕಾಲದ್ದು. 2000ದ ಫೆಬ್ರವರಿಯಿಂದ ದೇಶದಲ್ಲಿ ಆ ಪೆಟ್ರೋಲ್ ಇಲ್ಲ. ಹೆಡ್‌ನಲ್ಲೇ ಕೊರೆದ ಮೆತ್ತನೆಯ ಸೀಟಿಗೆ ಸೀಸದ ರಕ್ಷಣೆ ಹೋದ ಮೇಲೆ ಎಕ್ಸಾಸ್ಟ್ ವಾಲ್ವ್ ಸ್ವಲ್ಪ ಸ್ವಲ್ಪವೇ ಒಳಗೆ ಕೂರುತ್ತಾ ಹೋಗುತ್ತದೆ, ಟ್ಯಾಪೆಟ್ ಬಿಗಿಯಾಗುತ್ತದೆ, ಕೊನೆಗೆ ವಾಲ್ವ್ ಸುಡುತ್ತದೆ. ನಾಲ್ಕೂ ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ರಿಂಗ್ ಹಾಕಿಸು, ಗೈಡ್ ನೋಡಿಸು, ಹೆಡ್‌ನಲ್ಲಿ ಬಿರುಕು ಇದೆಯಾ ಅಂತ ಪರೀಕ್ಷೆ ಮಾಡಿಸಿ ಆಮೇಲೆ ಫೇಸಿಂಗ್ ಮಾಡಿಸಿ ತಳ ಸಪಾಟು ಮಾಡಿಸು. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಬೇರೆ ಇದೆ, ಹಳೆ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಬದಲಿಸು, ಮಿಕ್ಸ್ಚರ್ ಸ್ವಲ್ಪ ದಪ್ಪ ಇಡಿಸು. ಪೆಟ್ರೋಲ್ ಕಡಿಮೆಯಾಗಿ ಗಾಳಿ ಜಾಸ್ತಿಯಾದರೂ ಇಂಜಿನ್ ಬಿಸಿಯಾಗುತ್ತದೆ.

ಬೋರ್‌ವೆಲ್ ನೀರು ಇವತ್ತೇ ನಿಲ್ಲಿಸು. ನಮ್ಮ ಕಡೆಯ ಗಡಸು ನೀರು ರೇಡಿಯೇಟರ್ ನಳಿಗೆಯಲ್ಲಿ, ಬ್ಲಾಕ್ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಮೂರನೇ ನಾಲ್ಕನೇ ಸಿಲಿಂಡರ್ ಹಿಂದೆ ಕೆಸರು ಕೂರುತ್ತದೆ. ಹೆಡ್ ಹೊರಗೆ ಇರುವಾಗಲೇ ಬ್ಲಾಕ್‌ನ ಡ್ರೈನ್ ಬಿಚ್ಚಿ ತಂತಿ ಆಡಿಸಿ ತೊಳೆಸು. ರೇಡಿಯೇಟರ್‌ಗೆ ಹೊಸ ಕೋರ್ ಹಾಕಿಸು, ಕೂಲಂಟ್ ತುಂಬು, ಥರ್ಮೋಸ್ಟಾಟ್ ವಾಪಸ್ ಹಾಕು. ಇಷ್ಟಾದ ಮೇಲೆ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ನೋಡಿಸು, ಟೈಮಿಂಗ್ ಹಿಂದಿದ್ದರೆ ಬೆಟ್ಟದಲ್ಲಿ ಎಳೆಯುವುದೂ ಇಲ್ಲ, ಬಿಸಿಯೂ ಇಳಿಯುವುದಿಲ್ಲ.

ಸಿರುಗುಪ್ಪ ಅಂಬಿ:
ಆಯ್ತು ಅಣ್ಣ, ಹಾಗೇ ಮಾಡಿಸುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ. ಹೌಸಿಂಗ್ ಯಾವ ರೇಶಿಯೊದ್ದು, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಬರುತ್ತದೆ ಅಂತ ಹೇಗೆ ತಿಳಿಯುವುದು? ಹಿಂದೆ ಒಮ್ಮೆ ಹೌಸಿಂಗ್ ಬದಲಾಗಿದೆ ಅಂತ ಅಪ್ಪ ಹೇಳುತ್ತಾರೆ. 70ಕ್ಕೇ ಕೂಗಲು ಅದೂ ಕಾರಣ ಇರಬಹುದಾ?

ರಾಯಚೂರು ಗ್ಯಾರೇಜ್:
ಇರಬಹುದು, ಒಳ್ಳೆಯ ಪ್ರಶ್ನೆ. ಬಿಚ್ಚದೇ ನೋಡಬಹುದು. ಮುಂದಿನ ಚಕ್ರಗಳಿಗೆ ಕಲ್ಲು ಕೊಡು, ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಹಾಕಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸು, ಇನ್ನೊಂದು ನೆಲದ ಮೇಲೇ ಇರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ಪ್ರೊಪೆಲ್ಲರ್ ಶಾಫ್ಟ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕು. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸು, ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ನಿನ್ನ ರೇಶಿಯೊ. ನಾಲ್ಕೂವರೆ ಬಂತೋ, ಐದರ ಹತ್ತಿರ ಬಂತೋ ಇಲ್ಲಿ ಬರೆ. ಐದರ ಹತ್ತಿರ ಇದ್ದರೆ ಸ್ವಲ್ಪ ಕಡಿಮೆ ರೇಶಿಯೊದ ಕ್ರೌನ್ ಪಿನಿಯನ್ (ಹೌಸಿಂಗ್ ಒಳಗಿನ ಗೇರ್ ಜೋಡಿ) ಹುಡುಕೋಣ, ಆದರೆ ಹೆಡ್ ಕೆಲಸ ಮುಗಿದು ಗಾಡಿ ಬೆಟ್ಟ ಹತ್ತಿದ ಮೇಲೆ. ಹೆಡ್ ಬಿಚ್ಚಿದ ದಿನ ಮೂರನೇ ವಾಲ್ವ್‌ನ ಫೋಟೋ ಹಾಕು.