ಸಹಾಯ ಬೇಕು: ‘ಲಾಟ್’, ‘ಬೋರ್’, ‘ಫೈನ್’ ತರಹದ ಪದಗಳಿಗೆ ನಮ್ಮ ಕಡೆಯ ವಾಕ್ಯಗಳು

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮಸ್ಕಾರ. ಕನ್ನಡ ಮಾಧ್ಯಮದ ಎಂಟನೇ ಕ್ಲಾಸಿಗೆ ಹಲವು ಅರ್ಥದ 40 ಇಂಗ್ಲಿಷ್ ಪದಗಳ ಕಾರ್ಡ್ ಮಾಡ್ತಿದ್ದೀವಿ. ಉದಾಹರಣೆ ವಾಕ್ಯಗಳು ಸಾಲ್ತಿಲ್ಲ.

ಇವುಗಳಲ್ಲಿ ಎರಡು ಜಾತಿ. ‘ಲಾಟ್’ ಒಂದೇ ಬೇರಿನಿಂದ ಕವಲೊಡೆದದ್ದು: ಮೊದಲು ಚೀಟಿ ಎತ್ತಿ ಹಂಚಿದ ಪಾಲು, ಅದರಿಂದ ಹಣೆಬರಹ, ಸೈಟು, ಹರಾಜಿನ ರಾಶಿ, ಆಮೇಲೆ ‘ಬಹಳ’. ಶಿಡ್ಲಘಟ್ಟದ ರೇಷ್ಮೆಗೂಡಿನ ಹರಾಜು ಮಾರುಕಟ್ಟೆ ಕಂಡ ಮಕ್ಕಳಿಗೆ ಇದು ಅರ್ಧ ಗೊತ್ತಿರೋದೇ. ‘ಮೈನ್’ ಹಾಗಲ್ಲ. ಕೆಜಿಎಫ್‌ನ ಗಣಿ ಅನ್ನೋ ‘ಮೈನ್’ ಫ್ರೆಂಚಿನಿಂದ ಬಂತು, ‘ನನ್ನದು’ ಅನ್ನೋದು ಹಳೇ ಇಂಗ್ಲಿಷಿನದು, ನಂಟೇ ಇಲ್ಲ. ‘ಬೋರ್’ ಇನ್ನೂ ಕಷ್ಟ: ಕೊರೆಯೋದು, ಬೇಸರ ತರಿಸೋದು, ಸಾಲದ್ದಕ್ಕೆ ‘ಬೇರ್’ (ಹೊರು) ಕ್ರಿಯಾಪದದ ಭೂತಕಾಲ.

ಅರ್ಥಗಳ ಬರೀ ಪಟ್ಟಿ ಕೊಟ್ಟರೆ ಮಕ್ಕಳು ಮೊದಲನೆಯದನ್ನೇ ಎಲ್ಲ ಕಡೆ ಅಂಟಿಸ್ತಾರೆ. ‘ಫೈನ್ ಪೌಡರ್’ ಅಂದ್ರೆ ‘ದಂಡದ ಪುಡಿ’ ಆಗಿಬಿಡುತ್ತೆ! ಅದಕ್ಕೇ ವಾಕ್ಯದಲ್ಲಿ ಪಕ್ಕದ ಪದ ಸುಳಿವು ಕೊಡಬೇಕು: ‘ಪೇ’ ಇದ್ದರೆ ದಂಡ, ‘ಐ ಆಮ್’ ಇದ್ದರೆ ಚೆನ್ನಾಗಿದ್ದೀನಿ, ‘ಪೌಡರ್’ ಇದ್ದರೆ ನುಣುಪು.

ತಿರುಗಾಮುರುಗಾ ತೊಡಕೂ ಇದೆ. ನಮ್ಮ ‘ನೋಡು’ ಒಂದಕ್ಕೆ ಅಲ್ಲಿ ಮೂರು: ಕಣ್ಣಿಗೆ ಬಿದ್ದರೆ ‘ಸೀ’, ಬೇಕಂತ ಕಣ್ಣು ಹಾಯಿಸಿದರೆ ‘ಲುಕ್ ಆಟ್’ (‘ಆಟ್’ ಮರೆಯೋದೇ ಹೆಚ್ಚು), ನಡೀತಿರೋದನ್ನ ಗಮನಿಸಿದರೆ ‘ವಾಚ್’.

ಈಗ ಬೇಕಿರೋದು ಲಾಟ್, ಬೋರ್, ಫೈನ್, ರನ್, ಸೆಟ್. ಒಂದೊಂದು ಅರ್ಥಕ್ಕೆ ಎರಡು ವಾಕ್ಯ, ಏಳು ಪದ ಮೀರದಂತೆ, ಕನ್ನಡ ಅರ್ಥದ ಜೊತೆ. ‘ರನ್’ಗೆ ನಾಲ್ಕೇ ಅರ್ಥ ಸಾಕು: ಓಡೋ ಹುಡುಗ, ನಡೆಯೋ ಮೋಟರು, ನಡೆಸೋ ಅಂಗಡಿ, ಸೋರೋ ಮೂಗು. ಇಲ್ಲೇ ಬರೆದು ಹಾಕಿ.